1973ರ ತೈಲ ಅಭಾವ ಮತ್ತು ಪಾದೂರಿನ ಬಂಡೆ

ಪಶ್ಚಿಮ ಏಷ್ಯಾದಲ್ಲಿ ಕ್ಷಿಪಣಿ ಹಾರಿದರೆ ಮುಂಬೈಯ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮೊದಲು ಬರುವ ಪ್ರಶ್ನೆ, ‘ಗಾಡಿಯ ಟ್ಯಾಂಕ್ ತುಂಬಿಸಿ ಇಟ್ಟುಕೊಳ್ಳೋಣವೇ?’ 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ 12 ದಿನ ಕಾದಾಡಿದಾಗಲೂ ಹೀಗೇ ಆಯಿತು. ಹೋರ್ಮುಜ್ ಜಲಸಂಧಿ ಮುಚ್ಚಿದರೆ ಏನು ಗತಿ ಎಂದು ಟಿ.ವಿ.ಯಲ್ಲಿ ಚರ್ಚೆ ನಡೆಯಿತು. ಕಚ್ಚಾತೈಲದ ದರ ಏರಿತು, ಕದನವಿರಾಮದ ಸುದ್ದಿ ಬಂದೊಡನೆ ಇಳಿಯಿತು. ಇಂಥ ಚರ್ಚೆಗಳಲ್ಲಿ ಒಬ್ಬರಾದರೂ 1973ರ ಹೆಸರೆತ್ತುತ್ತಾರೆ. ಅರಬ್ಬರು ಸಿಟ್ಟಾಗಿ ನಲ್ಲಿ ತಿರುಗಿಸಿದರು, ಜಗತ್ತು ಕಂಗಾಲಾಯಿತು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಆದರೆ ಅದೇ ಅರಬ್ ದೇಶಗಳು 1967ರ ಯುದ್ಧದಲ್ಲೂ ಅದೇ ನಲ್ಲಿಯನ್ನು ತಿರುಗಿಸಿದ್ದವು. ಆಗ ಯಾರೂ ಕಂಗಾಲಾಗಲಿಲ್ಲ.

ಈ ಆರು ವರ್ಷಗಳಲ್ಲಿ ಏನು ಬದಲಾಯಿತು ಎಂದು ಹುಡುಕುತ್ತ ಹೋದರೆ ಕೊಲ್ಲಿಯ ಮರಳುಗಾಡಿಗಿಂತ ಮೊದಲು ಅಮೆರಿಕದ ಟೆಕ್ಸಾಸ್‌ಗೆ ಹೋಗಿ ನಿಲ್ಲುತ್ತೇವೆ. ಅಲ್ಲಿ ಟೆಕ್ಸಾಸ್ ರೈಲ್‌ರೋಡ್ ಕಮಿಷನ್ ಎಂಬ ಸರ್ಕಾರಿ ಸಂಸ್ಥೆ ಇದೆ. ಹೆಸರು ರೈಲಿನದಾದರೂ ಅದು ಲಗಾಮು ಹಾಕುತ್ತಿದ್ದುದು ಎಣ್ಣೆಬಾವಿಗಳಿಗೆ. 1930ರ ದಶಕದಲ್ಲಿ ಎಣ್ಣೆ ವಿಪರೀತ ಸಿಕ್ಕಿ ದರ ನೆಲಕಚ್ಚಿದಾಗ, ಯಾವ ಬಾವಿಯಿಂದ ಎಷ್ಟು ಎತ್ತಬಹುದು ಎಂದು ಅದು ಮಿತಿ ಹಾಕತೊಡಗಿತು. ದರ ಕಾಪಾಡುವುದಷ್ಟೇ ಉದ್ದೇಶ. ಆದರೆ ಅದರಿಂದ ಅಮೆರಿಕಕ್ಕೆ ಕೇಳದೇ ಇನ್ನೊಂದು ಲಾಭ ಸಿಕ್ಕಿತು. ಬೇಕೆಂದಾಗ ಹೆಚ್ಚು ಎತ್ತಬಹುದಾದ ಬಾವಿಗಳು ಸದಾ ಕೈಯಲ್ಲಿದ್ದವು. 1967ರಲ್ಲಿ ಅರಬ್ ಎಣ್ಣೆ ನಿಂತಾಗ ಆ ಲಗಾಮು ಸಡಿಲವಾಯಿತು. ವೆನೆಜುವೆಲಾ, ಇರಾನ್ ಕೂಡ ಹೆಚ್ಚು ಮಾರಿದವು. ನಷ್ಟವಾಗುತ್ತಿರುವುದು ತಮಗೇ ಎಂದು ಕಂಡುಕೊಂಡ ಅರಬ್ ದೇಶಗಳು ಕೆಲವೇ ತಿಂಗಳಲ್ಲಿ ನಿರ್ಬಂಧ ಕೈಬಿಟ್ಟವು.

ಆಮೇಲೆ ಆ ಮೀಸಲು ಸಾಮರ್ಥ್ಯ ಕರಗುತ್ತ ಹೋಯಿತು. ಅಮೆರಿಕದ ಕಚ್ಚಾತೈಲ ಉತ್ಪಾದನೆ 1970ರಲ್ಲಿ ದಿನಕ್ಕೆ ಸುಮಾರು 96 ಲಕ್ಷ ಬ್ಯಾರೆಲ್ ಮುಟ್ಟಿ, ಅಲ್ಲಿಂದ ಇಳಿಯತೊಡಗಿತು. ಹೀಗಾಗುತ್ತದೆ ಎಂದು ಭೂವಿಜ್ಞಾನಿ ಕಿಂಗ್ ಹಬ್ಬರ್ಟ್ 1956ರಲ್ಲೇ ಹೇಳಿದ್ದರು, ಹೆಚ್ಚಿನವರು ಕಿವಿಗೊಡಲಿಲ್ಲ. ಬಳಕೆ ಮಾತ್ರ ವರ್ಷವರ್ಷವೂ ಏರುತ್ತಿತ್ತು. 1972ರ ವಸಂತದಲ್ಲಿ ಟೆಕ್ಸಾಸ್ ಕಮಿಷನ್ ನೂರಕ್ಕೆ ನೂರು ಉತ್ಪಾದನೆಗೆ ಅನುಮತಿ ಕೊಟ್ಟಿತು. ದಶಕಗಳ ಕಾಲ ‘ಕಡಿಮೆ ಎತ್ತಿ’ ಎನ್ನುತ್ತಿದ್ದವರು ‘ಇದ್ದಷ್ಟೂ ಎತ್ತಿ’ ಎಂದರು. ನನ್ನ ಮಟ್ಟಿಗೆ ತೈಲ ಅಭಾವ ಶುರುವಾದದ್ದು ಅಂದು. ಪತ್ರಿಕೆಗಳ ಮುಖಪುಟಕ್ಕೆ ಬರಲು ಮತ್ತೆ ಒಂದೂವರೆ ವರ್ಷ ಹಿಡಿಯಿತು ಅಷ್ಟೇ.

ಸಾಫ್ಟ್‌ವೇರ್ ಕೆಲಸದಲ್ಲಿರುವವರಿಗೆ ಇದು ಹೊಸತಲ್ಲ. ಎಂ.ಟೆಕ್.ನಲ್ಲಿ ಸರತಿ ಸಾಲಿನ ಗಣಿತ ಓದಿದವರಿಗೆ ಒಂದು ಸರಳ ಸೂತ್ರ ನೆನಪಿರಬಹುದು. ಸರ್ವರ್ ಪೂರ್ತಿ ಬಿಡುವಾಗಿದ್ದಾಗ ಒಂದು ಕೋರಿಕೆಗೆ ಹಿಡಿಯುವ ಸಮಯವನ್ನು 1 ಎಂದುಕೊಳ್ಳಿ. ಅದು ಶೇ 50ರಷ್ಟು ಕೆಲಸದಲ್ಲಿದ್ದರೆ ಸಮಯ 2 ಪಟ್ಟಾಗುತ್ತದೆ. ಶೇ 90ಕ್ಕೆ 10 ಪಟ್ಟು, ಶೇ 99ಕ್ಕೆ 100 ಪಟ್ಟು. ಕೊನೆಯ ಕೆಲವು ಶೇಕಡಾದಲ್ಲಿ ಎಲ್ಲವೂ ಒಟ್ಟಿಗೆ ಕುಸಿಯುತ್ತದೆ. ಆದರೂ ಪ್ರತಿ ಬಜೆಟ್ ಸಭೆಯಲ್ಲಿ ಯಾರಾದರೊಬ್ಬರು ಎದ್ದುನಿಂತು ‘ಅರ್ಧದಷ್ಟು ಸರ್ವರ್ ಸುಮ್ಮನೆ ಕೂತಿವೆಯಲ್ಲ, ಬಾಡಿಗೆ ಯಾಕೆ ಕಟ್ಟಬೇಕು?’ ಎಂದು ಕೇಳುತ್ತಾರೆ. ಹಬ್ಬದ ಮಾರಾಟದ ರಾತ್ರಿ ಅವರು ಫೋನಿಗೆ ಸಿಗುವುದಿಲ್ಲ.

1973ರ ಅಕ್ಟೋಬರ್ 6ರಂದು, ಯೋಮ್ ಕಿಪ್ಪುರ್ ದಿನ, ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲ್ ಮೇಲೆ ದಾಳಿ ಮಾಡಿದವು. 16ರಂದು ಕೊಲ್ಲಿ ದೇಶಗಳು ಕುವೈತ್‌ನಲ್ಲಿ ಸೇರಿ ಎಣ್ಣೆಯ ಘೋಷಿತ ದರವನ್ನು ಶೇ 70ರಷ್ಟು ಏರಿಸಿದವು. ಮರುದಿನ ಅರಬ್ ಮಂತ್ರಿಗಳು ಉತ್ಪಾದನೆಯನ್ನು ತಿಂಗಳಿಗೆ ಶೇ 5ರಂತೆ ಕಡಿತ ಮಾಡಲು ಒಪ್ಪಿದರು. 19ರಂದು ಅಧ್ಯಕ್ಷ ನಿಕ್ಸನ್ ಇಸ್ರೇಲ್‌ಗೆ 220 ಕೋಟಿ ಡಾಲರ್ ನೆರವು ಕೇಳಿದರು. 20ರಂದು ಸೌದಿ ಅರೇಬಿಯಾ ಅಮೆರಿಕಕ್ಕೆ ಎಣ್ಣೆ ನಿಲ್ಲಿಸಿತು. ಅಕ್ಟೋಬರ್ ಆರಂಭದಲ್ಲಿ ಬ್ಯಾರೆಲ್‌ಗೆ 3.01 ಡಾಲರ್ ಇದ್ದ ಘೋಷಿತ ದರ 1974ರ ಜನವರಿ 1ಕ್ಕೆ 11.65 ಡಾಲರ್ ಆಗಿತ್ತು.

ಇಲ್ಲಿ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 1973ರ ಡಿಸೆಂಬರ್‌ನಲ್ಲಿ, ಕಮ್ಯುನಿಸ್ಟ್ ದೇಶಗಳನ್ನು ಬಿಟ್ಟು ಉಳಿದ ಜಗತ್ತಿಗೆ ಕಡಿಮೆಯಾದ ಎಣ್ಣೆ ದಿನಕ್ಕೆ ಸುಮಾರು 44 ಲಕ್ಷ ಬ್ಯಾರೆಲ್. ಎರಡು ತಿಂಗಳ ಹಿಂದೆ ಇದ್ದದ್ದರಲ್ಲಿ ಸುಮಾರು ಶೇ 9. ಸರಕು ಕಡಿಮೆಯಾದದ್ದು ಶೇ 9, ದರ ಏರಿದ್ದು ಹತ್ತಿರಹತ್ತಿರ ನಾಲ್ಕು ಪಟ್ಟು. ಟೊಮೆಟೊ ತುಟ್ಟಿಯಾದರೆ ಹುಣಸೆಹಣ್ಣಿನ ಸಾರು ಮಾಡಬಹುದು. ಎಣ್ಣೆ ತುಟ್ಟಿಯಾಯಿತೆಂದು ಲಾರಿಗೆ, ಬಾಯ್ಲರ್‌ಗೆ ಮರುದಿನವೇ ಬೇರೇನನ್ನೂ ಹಾಕಲಾಗದು. ಹಾಗಾಗಿ ಕೊನೆಯ ಬ್ಯಾರೆಲ್‌ಗಾಗಿ ಎಲ್ಲರೂ ಹರಾಜು ಕೂಗಿದರು.

ಅಮೆರಿಕದ ಪೆಟ್ರೋಲ್ ಬಂಕ್‌ಗಳ ಮುಂದೆ ಮೈಲುದ್ದದ ಸಾಲಿನ ಫೋಟೊಗಳನ್ನು ನೀವು ನೋಡಿರುತ್ತೀರಿ. ಆ ಸಾಲುಗಳ ಹೊಣೆಯಲ್ಲಿ ದೊಡ್ಡ ಪಾಲು ಅಮೆರಿಕ ಸರ್ಕಾರದ್ದೇ. 1971ರ ಆಗಸ್ಟ್‌ನಿಂದಲೇ ಅಲ್ಲಿ ದರ ನಿಯಂತ್ರಣವಿತ್ತು. ಅಭಾವ ಬಂದಾಗ, ಹಿಂದೆ ಯಾವ ಪ್ರದೇಶ ಎಷ್ಟು ಬಳಸುತ್ತಿತ್ತೋ ಆ ಲೆಕ್ಕದಲ್ಲೇ ಹಂಚಿಕೆ ಮಾಡಿದರು. ಜನ ದೂರದ ಪ್ರವಾಸ ಬಿಟ್ಟು ಊರಲ್ಲೇ ಉಳಿದರು. ಪೆಟ್ರೋಲ್ ಮಾತ್ರ ಹಳೆಯ ಲೆಕ್ಕದಂತೆ ಹಳ್ಳಿದಾರಿಗಳ ಬಂಕ್‌ಗೂ ಹೋಯಿತು. ನಗರದಲ್ಲಿ ಸಾಲು ಬೆಳೆಯಿತು. ದರ ಏರಲು ಬಿಟ್ಟ ಪಶ್ಚಿಮ ಜರ್ಮನಿಯಲ್ಲಿ ನಾಲ್ಕು ಭಾನುವಾರ ಕಾರು ಓಡಿಸದಂತೆ ನಿಷೇಧವಿತ್ತು, ಆದರೆ ಅಮೆರಿಕದಂಥ ಸಾಲುಗಳ ಕಥೆ ಅಲ್ಲಿಂದ ಬರಲಿಲ್ಲ.

ಇನ್ನು ಟ್ಯಾಂಕ್ ತುಂಬಿಸುವ ವಿಷಯ. ಆಗ ಅಮೆರಿಕದಲ್ಲಿ ಸುಮಾರು 10 ಕೋಟಿ ಕಾರುಗಳಿದ್ದವು. ಹೆದರಿದ ಪ್ರತಿಯೊಬ್ಬನೂ ತನ್ನ ಟ್ಯಾಂಕಿನಲ್ಲಿ ಎಂದಿಗಿಂತ 20 ಲೀಟರ್ ಹೆಚ್ಚು ಇಟ್ಟುಕೊಂಡ ಎಂದುಕೊಳ್ಳೋಣ. ಒಟ್ಟು 200 ಕೋಟಿ ಲೀಟರ್, ಅಂದರೆ ಸುಮಾರು 1.25 ಕೋಟಿ ಬ್ಯಾರೆಲ್ ಆಯಿತು. ಅಂದಿನ ಬಳಕೆಯಂತೆ ಇಡೀ ದೇಶದ ಎರಡು ದಿನದ ಪೆಟ್ರೋಲ್. ಒಬ್ಬನೇ ಒಬ್ಬ ಒಂದು ಮೈಲಿ ಹೆಚ್ಚು ಓಡಿಸದೆ, ಎರಡು ದಿನದ ದಾಸ್ತಾನು ಡಿಪೊಗಳಿಂದ ಎದ್ದು ಜನರ ಗ್ಯಾರೇಜುಗಳಲ್ಲಿ ಹೋಗಿ ಕೂತಿತು! ಇದು ನಾನು ಕೂತು ಹಾಕಿದ ಲೆಕ್ಕ, ಆದರೆ ಗುಂಪಿನ ಭಯ ಕೆಲಸ ಮಾಡುವುದು ಹೀಗೆಯೇ. ಜಪಾನಿನಲ್ಲಿ ಇದು ಇನ್ನೂ ವಿಚಿತ್ರ ರೂಪ ತಾಳಿತು. 1973ರ ಶರತ್ಕಾಲದಲ್ಲಿ ಒಸಾಕಾ ಬಳಿಯ ಸೆನ್ರಿ ಎಂಬಲ್ಲಿ ಜನ ಅಂಗಡಿಗೆ ಮುಗಿಬಿದ್ದು ಟಾಯ್ಲೆಟ್ ಪೇಪರ್ ಖಾಲಿ ಮಾಡಿದರು. ಎಣ್ಣೆ ಇಲ್ಲದಿದ್ದರೆ ಕಾಗದ ತಯಾರಾಗದು ಎಂಬ ಗಾಳಿಮಾತು ದೇಶವಿಡೀ ಹಬ್ಬಿತು.

ಭಾರತದಲ್ಲಿ ಕಾರು ಇದ್ದವರೇ ಕಡಿಮೆ, ಹಾಗಾಗಿ ಕಾರಿನ ಸಾಲು ನಮ್ಮ ಕಥೆಯಲ್ಲ. ಅರಬ್ಬರ ನಿರ್ಬಂಧವೂ ನಮ್ಮ ಮೇಲಿರಲಿಲ್ಲ. ದರ ಮಾತ್ರ ನಮ್ಮನ್ನೂ ಬಿಡಲಿಲ್ಲ. 1973ರ ನವೆಂಬರ್‌ನಲ್ಲಿ ಪೆಟ್ರೋಲ್, ಸೀಮೆಎಣ್ಣೆ ದರ ಏರಿಕೆ ವಿರೋಧಿಸಿ ಅಟಲ್ ಬಿಹಾರಿ ವಾಜಪೇಯಿ ಎತ್ತಿನಗಾಡಿಯಲ್ಲಿ ಸಂಸತ್ತಿಗೆ ಬಂದರು. ಆ ಚಿತ್ರ ಈಗಲೂ ಓಡಾಡುತ್ತದೆ. ಓಡಾಡದೇ ಉಳಿದದ್ದು ಲೆಕ್ಕದ ಪುಸ್ತಕ. 1972–73ರಲ್ಲಿ ₹204 ಕೋಟಿ ಇದ್ದ ನಮ್ಮ ಪೆಟ್ರೋಲಿಯಂ ಆಮದು ವೆಚ್ಚ ಮರುವರ್ಷ ₹560 ಕೋಟಿಯಾಯಿತು. 1974–75ರಲ್ಲಿ ₹1,157 ಕೋಟಿ. ರಸಗೊಬ್ಬರಕ್ಕೆ ನಾಫ್ತಾ ಬೇಕು, ಪಂಪ್‌ಸೆಟ್‌ಗೆ ಡೀಸೆಲ್ ಬೇಕು, ವಿದ್ಯುತ್ ಇಲ್ಲದ ಮನೆಯ ದೀಪಕ್ಕೆ ಸೀಮೆಎಣ್ಣೆ ಬೇಕು. ಹೊಡೆತ ಬಿದ್ದದ್ದು ಅಲ್ಲಿ. 1974–75ರಲ್ಲಿ ಸಗಟು ಹಣದುಬ್ಬರ ಶೇ 25 ದಾಟಿತು. ಎಲ್ಲವನ್ನೂ ಎಣ್ಣೆಯ ತಲೆಗೆ ಕಟ್ಟುವಂತಿಲ್ಲ. 1972ರ ಬರ, ಅದಕ್ಕೂ ಮೊದಲಿನ ಯುದ್ಧದ ಖರ್ಚು ಆಗಲೇ ಬೆನ್ನುಮೂಳೆ ಬಾಗಿಸಿದ್ದವು. ಇಲ್ಲಿಯೂ ವಿಷಯ ಅದೇ. ಮೀಸಲು ಇಲ್ಲದ ಮನೆಗೆ ಎರಡನೇ ಕಷ್ಟ ಬಂತು.

ಸಂಬಳದವರಿಗೂ ಬಿಸಿ ತಟ್ಟಿತು. 1974ರ ಮೇ ತಿಂಗಳ ರೈಲ್ವೆ ಮುಷ್ಕರದ ಹಿಂದೆ ಈ ಬೆಲೆ ಏರಿಕೆಯ ಸಂಕಟವಿತ್ತು. ಅದನ್ನು ಮುನ್ನಡೆಸಿದವರು ಮಂಗಳೂರಿನಲ್ಲಿ ಹುಟ್ಟಿ ಮುಂಬೈಯಲ್ಲಿ ನಾಯಕರಾದ ಜಾರ್ಜ್ ಫರ್ನಾಂಡಿಸ್. ಅದೇ ವರ್ಷ ಸರ್ಕಾರ ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧವನ್ನು ಕಡ್ಡಾಯ ಠೇವಣಿಯಾಗಿ ಹಿಡಿದಿಟ್ಟುಕೊಂಡಿತು. ಮನೆಯಲ್ಲಿ ಆ ಕಾಲದ ಸರ್ಕಾರಿ ನೌಕರರಿದ್ದರೆ ಕೇಳಿ ನೋಡಿ, ಇನ್ನೂ ಮರೆತಿರಲಿಕ್ಕಿಲ್ಲ.

ಮುಂಬೈ ಕಡಲಿನಲ್ಲಿ ಮಾತ್ರ ಅದೃಷ್ಟ ಜೊತೆಗಿತ್ತು. 1974ರ ಫೆಬ್ರುವರಿಯಲ್ಲಿ ‘ಸಾಗರ್ ಸಮ್ರಾಟ್’ ಎಂಬ ರಿಗ್ಗು ಬಾಂಬೆ ಹೈನಲ್ಲಿ ಎಣ್ಣೆ ಕಂಡಿತು, 1976ರ ಮೇನಲ್ಲಿ ಉತ್ಪಾದನೆ ಶುರುವಾಯಿತು. ಇದನ್ನು ಅಭಾವಕ್ಕೆ ಸಿಕ್ಕ ತಕ್ಷಣದ ಉತ್ತರ ಎಂದು ಹೇಳುವವರಿದ್ದಾರೆ. ಆದರೆ ಸೋವಿಯತ್ ನೆರವಿನ ಸಮುದ್ರ ಸಮೀಕ್ಷೆ 1960ರ ದಶಕದಲ್ಲೇ ನಡೆದಿತ್ತು. ಎಣ್ಣೆ ಅಗ್ಗವಾಗಿದ್ದಾಗ ಯಾರೋ ಹಟ ಹಿಡಿದು ಖರ್ಚು ಮಾಡಿದ್ದರಿಂದ ದುಬಾರಿಯಾದಾಗ ಕೈಗೆ ಸಿಕ್ಕಿತು. ಚೆಂಬೂರಿನ ಕಡೆ ಮನೆ ಮಾಡಿರುವ ಕನ್ನಡಿಗರು ದಿನವೂ ನೋಡುವ ಮಾಹುಲ್‌ನ ಸಂಸ್ಕರಣಾಗಾರಗಳ ಬೋರ್ಡು ಬದಲಾದದ್ದೂ ಆಗಲೇ. ಎಸ್ಸೊ 1974ರಲ್ಲಿ ಹಿಂದೂಸ್ಥಾನ್ ಪೆಟ್ರೋಲಿಯಂ ಆಯಿತು, ಬರ್ಮಾ ಶೆಲ್ 1976ರಲ್ಲಿ ಸರ್ಕಾರದ ಕೈಸೇರಿ ಮುಂದೆ ಭಾರತ್ ಪೆಟ್ರೋಲಿಯಂ ಆಯಿತು.

ಏರಿದ ದರದ ಹಣ ಎಲ್ಲಿ ಹೋಯಿತು? ಒಂದಷ್ಟು ಪಾಶ್ಚಾತ್ಯ ಬ್ಯಾಂಕುಗಳ ಮೂಲಕ ಲ್ಯಾಟಿನ್ ಅಮೆರಿಕಕ್ಕೆ ಸಾಲವಾಗಿ ಹೋಗಿ, 1982ರಲ್ಲಿ ಮೆಕ್ಸಿಕೊದಿಂದ ಶುರುವಾದ ಸಾಲದ ಬಿಕ್ಕಟ್ಟಾಯಿತು. ಇನ್ನೊಂದಷ್ಟು ಕೊಲ್ಲಿಯ ರಸ್ತೆ, ಬಂದರು, ಕಟ್ಟಡಗಳಾಯಿತು. ಅವನ್ನು ಕಟ್ಟಲು ಹೋದವರಲ್ಲಿ ಕೇರಳದವರ ಜೊತೆಗೆ ನಮ್ಮ ಕರಾವಳಿಯವರೂ ಇದ್ದರು. ಅದಕ್ಕೂ ಮೊದಲು ಮಂಗಳೂರು, ಉಡುಪಿಯ ಹುಡುಗರು ಊರು ಬಿಟ್ಟರೆ ಹೋಗುತ್ತಿದ್ದುದು ಬೊಂಬಾಯಿಗೆ, ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿಶಾಲೆಯಲ್ಲಿ ಓದಲು. 1973ರ ನಂತರ ಅವರಲ್ಲಿ ಎಷ್ಟೋ ಜನರಿಗೆ ಬೊಂಬಾಯಿ ಎಂದರೆ ವಿಮಾನ ಹತ್ತುವ ಜಾಗವಾಯಿತು. ದೇಶ ಎಣ್ಣೆಗೆ ಕೊಟ್ಟ ಡಾಲರಿನ ಒಂದು ಪಾಲು ಹೀಗೆ ಮನಿ ಆರ್ಡರ್, ಡ್ರಾಫ್ಟ್‌ಗಳಾಗಿ ಕರಾವಳಿಗೆ ವಾಪಸು ಬಂತು, ತಾರಸಿ ಮನೆಗಳಾಯಿತು, ಕಾಲೇಜು ಫೀಸಾಯಿತು. ಅರ್ಥಶಾಸ್ತ್ರದ ಪುಸ್ತಕಗಳು ‘ಪೆಟ್ರೋಡಾಲರ್’ ಎಂದು ಬರೆಯುವಾಗ ಈ ಡ್ರಾಫ್ಟ್‌ಗಳನ್ನೂ ಸೇರಿಸಿಕೊಳ್ಳಬೇಕು.

1974ರ ಮಾರ್ಚ್‌ನಲ್ಲಿ ಅಮೆರಿಕದ ಮೇಲಿನ ನಿರ್ಬಂಧ ತೆರವಾಯಿತು, ದರ ಇಳಿಯಲಿಲ್ಲ. ಫ್ರಾನ್ಸ್ ಪರಮಾಣು ವಿದ್ಯುತ್ತಿಗೆ ತಿರುಗಿತು, ಬ್ರೆಜಿಲ್ ಕಬ್ಬಿನಿಂದ ಎಥನಾಲ್ ತೆಗೆಯಿತು, ಜಪಾನಿನ ಸಣ್ಣ ಕಾರುಗಳಿಗೆ ಬೇಡಿಕೆ ಬಂತು. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಪಾಠ ಕಲಿತದ್ದು 1974ರ ನವೆಂಬರ್‌ನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಇಂಧನ ಸಂಸ್ಥೆ. ಸದಸ್ಯ ದೇಶಗಳು 90 ದಿನದ ಆಮದಿನಷ್ಟು ಎಣ್ಣೆ ದಾಸ್ತಾನು ಇಡಬೇಕೆಂಬುದು ಅದರ ನಿಯಮ. ಟೆಕ್ಸಾಸ್‌ನಲ್ಲಿ ಕರಗಿಹೋದ ಮೀಸಲನ್ನು ಈ ಬಾರಿ ಬೇಕೆಂದೇ ಕಟ್ಟಿದರು.

ನಾವು ಈ ಕೆಲಸಕ್ಕೆ ಇಳಿದದ್ದು ತಡವಾಗಿ, 2004ರ ನಂತರ. ಇಂದು ಭಾರತದ ಭೂಗತ ತುರ್ತು ಮೀಸಲು ಮೂರು ಕಡೆ ಇದೆ. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆ ಕಾಪು ತಾಲ್ಲೂಕಿನ ಪಾದೂರಿನಲ್ಲಿ 25 ಲಕ್ಷ ಟನ್. ಒಟ್ಟು ಸಾಮರ್ಥ್ಯದಲ್ಲಿ ನಾಲ್ಕನೇ ಮೂರು ಪಾಲು ಕರಾವಳಿ ಕರ್ನಾಟಕದ ಬಂಡೆಯೊಳಗಿದೆ. ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಬಂಡೆ ಕೊರೆದು ಗುಹೆ ಮಾಡುತ್ತಾರೆ. ಸುತ್ತಲಿನ ನೀರಿನ ಒತ್ತಡವೇ ಎಣ್ಣೆ ಹೊರಗೆ ಜಿನುಗದಂತೆ ತಡೆಯುತ್ತದೆ. ಮಂಗಳೂರಿನ ಗುಹೆಯ ಒಂದು ಭಾಗದಲ್ಲಿ ಅಬುಧಾಬಿಯ ಅಡ್ನಾಕ್ ಕಂಪನಿ ತನ್ನದೇ ಎಣ್ಣೆ ಇಡಲು ಒಪ್ಪಂದ ಮಾಡಿಕೊಂಡಿತು, ತುರ್ತಿನಲ್ಲಿ ಅದರ ಮೇಲೆ ಮೊದಲ ಹಕ್ಕು ಭಾರತದ್ದು ಎಂಬ ಷರತ್ತಿನ ಮೇಲೆ. ನಮ್ಮ ಜನ ಹೋದ ಕೊಲ್ಲಿಯಿಂದಲೇ ಎಣ್ಣೆ ಬಂದು ತುಳುನಾಡಿನ ಬಂಡೆಯಲ್ಲಿ ಕೂತಿದೆ.

ಮೂರೂ ಗುಹೆಗಳು ತುಂಬಿದ್ದರೆ ದೇಶಕ್ಕೆ ಸುಮಾರು 9.5 ದಿನ ಸಾಕು, ಅದೂ 2019–20ರ ಬಳಕೆಯ ಲೆಕ್ಕದಲ್ಲಿ. ತೈಲ ಕಂಪನಿಗಳ ದಾಸ್ತಾನು ಬೇರೆ ಇದೆ ನಿಜ. ಆದರೆ ಕಚ್ಚಾತೈಲದಲ್ಲಿ ಶೇ 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುವ ದೇಶಕ್ಕೆ ಇದು ಕೊಂಚವೇ. ಸುಮ್ಮನೆ ಕೂತ ಎಣ್ಣೆಗೆ ಹಣ ಯಾಕೆ ಕಟ್ಟಿಹಾಕಬೇಕು ಎಂಬ ಪ್ರಶ್ನೆಗೆ 2020 ಒಂದು ಉತ್ತರ ಕೊಟ್ಟಿದೆ. ಕೋವಿಡ್ ವೇಳೆ ದರ ಕುಸಿದಾಗ, ಏಪ್ರಿಲ್–ಮೇನಲ್ಲಿ ಬ್ಯಾರೆಲ್‌ಗೆ ಸರಾಸರಿ 19 ಡಾಲರ್‌ನಂತೆ ಈ ಗುಹೆಗಳನ್ನು ತುಂಬಲಾಯಿತು. ಉಳಿತಾಯ ಸುಮಾರು ₹5,000 ಕೋಟಿ ಎಂದು ಕೇಂದ್ರ ಸರ್ಕಾರ ಹೇಳಿತು.

2021ರಲ್ಲಿ ಎರಡನೇ ಹಂತಕ್ಕೆ ಒಪ್ಪಿಗೆ ಸಿಕ್ಕಿದೆ. ಒಡಿಶಾದ ಚಂಡಿಖೋಲ್‌ನಲ್ಲಿ 40 ಲಕ್ಷ ಟನ್, ಪಾದೂರಿನಲ್ಲಿ ಮತ್ತೆ 25 ಲಕ್ಷ ಟನ್. ಸೇರಿದರೆ ಇನ್ನೊಂದು 12 ದಿನ. ಇದು ಬೇಗ ಆಗಬೇಕು ಎನ್ನುವವನು ನಾನು. ಆದರೆ ಗುಹೆ ನೆಲದಡಿ ಇದ್ದರೂ ಅದಕ್ಕೆ ನೆಲದ ಮೇಲೆ ಜಾಗ ಬೇಕು. ಆ ಜಾಗ ಯಾರದೋ ತೆಂಗಿನ ತೋಟ, ಯಾರದೋ ಮನೆ. ಮಗ ದುಬೈಯಲ್ಲೋ ಮುಂಬೈಯಲ್ಲೋ ದುಡಿದು ಕಟ್ಟಿಸಿದ ಮನೆಯೂ ಇರಬಹುದು. ಇಡೀ ದೇಶಕ್ಕೆ ಬೇಕಾದ ಮೀಸಲಿನ ಖರ್ಚನ್ನು ಒಂದೆರಡು ಗ್ರಾಮಗಳ ಮೇಲೆ ಹೊರಿಸಬೇಕಿಲ್ಲ. ಪರಿಹಾರದ ಮಾತುಕತೆಗೆ ಕೂರುವ ಅಧಿಕಾರಿಗಳು ಆ ₹5,000 ಕೋಟಿಯ ಲೆಕ್ಕವನ್ನೂ ಫೈಲಿನಲ್ಲಿ ಇಟ್ಟುಕೊಂಡೇ ಬರಲಿ.