ಊರಿನ ಪಂಚಾಂಗ, ಇಲ್ಲಿಯ ಸೂರ್ಯ

ಈ ಸಲ ನಮ್ಮ ಮನೆಯ ವ್ಯಾಜ್ಯವೊಂದನ್ನೇ ವಾಚಕರ ಮುಂದಿಡುತ್ತೇವೆ. ವ್ಯಾಜ್ಯ ನಮಗೂ ನಮ್ಮ ತಾಯಿಯವರಿಗೂ. ಸಾಕ್ಷಿಗೆ ನಿಂತವನು ಸೂರ್ಯ.

2026ರ ರಥಸಪ್ತಮಿ ಜನವರಿ 25ರ ಭಾನುವಾರ ಬಂದಿತ್ತು. ಕಚೇರಿಗೆ ರಜೆ. ತಾಯಿಯವರು ಕತ್ತಲಿರುವಾಗಲೇ ಎಲ್ಲರನ್ನೂ ಎಬ್ಬಿಸಿ, ತಲೆಗೂ ಹೆಗಲಿಗೂ ಎಕ್ಕದ ಎಲೆಯಿಟ್ಟು ನೀರು ಹೊಯ್ದರು. ಅನಂತರ ತಾಮ್ರದ ತಂಬಿಗೆ ಹಿಡಿದು ಮಹಡಿ ಹತ್ತಿದರು. ಬೆಂಗಳೂರಿನಿಂದ ತರಿಸುವ ಪಂಚಾಂಗದಂತೆ ಸೂರ್ಯೋದಯ 6-46ಕ್ಕೆ. ಆ ಹೊತ್ತಿಗೆ ಸರಿಯಾಗಿ ಅರ್ಘ್ಯ ಬಿಟ್ಟು ಇಳಿದು ಬಂದರು. ವಿಠ್ಠಲವಾಡಿಯ ಆಕಾಶದಲ್ಲಿ ಬೆಳಕೇನೋ ಹರಿದಿತ್ತು, ಸೂರ್ಯನಿರಲಿಲ್ಲ.

"ಎದುರಿನ ಕಟ್ಟಡಗಳು ಅಡ್ಡ ಬಂದಿವೆ ಕಣೋ" ಎಂದರು.

ಕಟ್ಟಡಗಳ ಮೇಲೆ ಸುಮ್ಮನೆ ಅಪವಾದವೇಕೆ? ಮೊಬೈಲಿನಲ್ಲಿ ನಮ್ಮೂರಿನ ಹೆಸರು ಹಾಕಿ ನೋಡಿದೆವು. ಇಲ್ಲಿಯ ಸೂರ್ಯೋದಯ ಸುಮಾರು 7-13ಕ್ಕೆ. ಇಪ್ಪತ್ತೇಳು ಮಿನಿಟುಗಳ ಅಂತರ!

ಪಂಚಾಂಗದ ತಪ್ಪಲ್ಲ. ಅದು ಬೆಂಗಳೂರಿಗೆ ಗುಣಿಸಿದ್ದು. ಹಾಗೆಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿಯೂ ಇದೆ. ಭೂಮಿ ಒಂದು ಅಂಶ ತಿರುಗಲು ನಾಲ್ಕು ಮಿನಿಟು ಬೇಕು. ವಿಠ್ಠಲವಾಡಿ ಬೆಂಗಳೂರಿಗಿಂತ ಸುಮಾರು ನಾಲ್ಕೂವರೆ ಅಂಶ ಪಶ್ಚಿಮಕ್ಕಿದೆ. ಅಲ್ಲಿಗೆ ಹದಿನೆಂಟು ಮಿನಿಟಾಯಿತು. ಉಳಿದ ಒಂಬತ್ತು ಮಿನಿಟು ನಾವು ಉತ್ತರಕ್ಕಿರುವುದರಿಂದ. ಬೆಂಗಳೂರು 13ನೆಯ ಅಕ್ಷಾಂಶದಲ್ಲಿ, ನಾವು 19 ದಾಟಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ ಉತ್ತರಕ್ಕೆ ಹೋದಷ್ಟೂ ಹಗಲು ಕಿರಿದು. ಆ ದಿನ ಬೆಂಗಳೂರಿನ ಹಗಲು 11 ಗಂಟೆ 31 ಮಿನಿಟು. ನಮ್ಮದು 11 ಗಂಟೆ 14.

"ಹಾಗಾದರೆ ದಿನಾ ಇಪ್ಪತ್ತೇಳು ಮಿನಿಟು ಕೂಡಿಸಿಕೊಂಡರಾಯಿತು" ಎಂದು ತಾಯಿಯವರು ರಾಜಿಗೆ ಬಂದರು.

ಅದೂ ಆಗದು. ಜೂನ್ 21ರಂದು ಬೆಂಗಳೂರಿನಲ್ಲಿ ಸೂರ್ಯೋದಯ 5-54ಕ್ಕೆ, ಇಲ್ಲಿ 6ರ ಸುಮಾರಿಗೆ. ಅಂತರ ಆರೇ ಮಿನಿಟು. ಆಗ ಸೂರ್ಯ ಉತ್ತರದಲ್ಲಿರುವುದರಿಂದ ನಮ್ಮ ಹಗಲೇ ಹಿರಿದು. ಆದರೆ ಅದೇ ಸಂಜೆ ಅಲ್ಲಿ 6-48ಕ್ಕೆ ಮುಳುಗಿದವನು ಇಲ್ಲಿ 7-17ರವರೆಗೆ ಇರುತ್ತಾನೆ. ಇನ್ನೊಂದು ವಿಚಿತ್ರ: ಡಿಸೆಂಬರ್ 22ರ ಸುಮಾರಿಗೇ ಹಗಲು ಬೆಳೆಯತೊಡಗಿದರೂ ಇಲ್ಲಿ ವರ್ಷದಲ್ಲೇ ಅತ್ಯಂತ ತಡವಾದ ಸೂರ್ಯೋದಯ ಮಕರಸಂಕ್ರಾಂತಿಯ ಹೊತ್ತಿಗೆ. ಮೊದಲು ಬೆಳೆಯುವುದು ಸಂಜೆಯೇ.

ಈ ಕಡೆಯವರಿಗೆ ಗಡಿಯಾರದ ಮೇಲಿನ ಮುನಿಸು ಹೊಸದೇನಲ್ಲ. 1906ರಲ್ಲಿ ದೇಶಕ್ಕೆಲ್ಲ ಒಂದೇ ವೇಳೆ ಬಂದಾಗ ಅದು ಮುಂಬಯಿಯ ಸ್ಥಳೀಯ ವೇಳೆಗಿಂತ 39 ಮಿನಿಟು ಮುಂದಿತ್ತು. ಆ ಜನವರಿಯಲ್ಲೇ ಗಿರಣಿ ಕೆಲಸಗಾರರು ತಿರುಗಿಬಿದ್ದರು. ಹಳೆಯ 'ಬಾಂಬೆ ಟೈಮ್' 1955ರವರೆಗೂ ನಗರದಲ್ಲಿ ಉಳಿದಿತ್ತು. ಈಗ ನಮ್ಮ ಗಡಿಯಾರ ನಡೆಯುವುದು ಮಿರ್ಜಾಪುರದ ಹತ್ತಿರ ಹಾದುಹೋಗುವ 82½ ಅಂಶದ ರೇಖೆಯ ಸೂರ್ಯನಿಗೆ. ಜನವರಿಯಲ್ಲಿ ಆರೂವರೆಯ ಲೋಕಲ್ಲಿಗೆ ಮಬ್ಬುಗತ್ತಲಲ್ಲಿ ಓಡುವ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ರಾಹುಕಾಲ. ಸೋಮವಾರ 7-30ರಿಂದ 9 ಎಂಬ ಬಾಯಿಪಾಠ, ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನ ಲೆಕ್ಕ. ಹಗಲನ್ನು ಎಂಟು ಪಾಲು ಮಾಡಿ ಎರಡನೆಯದನ್ನು ಹಿಡಿದರೆ ಜನವರಿಯ ಕೊನೆಯಲ್ಲಿ ಇಲ್ಲಿ ಅದು 8-37ರಿಂದ 10-01. ಅಂದರೆ, ಸೋಮವಾರ ರಾಹುವಿಗೆ ಹೆದರಿ 7-25ಕ್ಕೇ ಹೊರದೂಡಲ್ಪಡುವ ನಾವು, ಇಷ್ಟು ವರ್ಷ ರಾಹುಕಾಲದಲ್ಲಿಯೇ ಕಚೇರಿಯ ಹೊಸ್ತಿಲು ದಾಟುತ್ತಿದ್ದೆವು!

ಗೆದ್ದೆವೆಂದು ನಗುತ್ತ ತಲೆಯೆತ್ತಿದರೆ ತಾಯಿಯವರ ಮುಖ ಬಾಡಿತ್ತು. ತಂದೆಯವರು ಹೋದ ಮೇಲೆ ಊರಿನ ಮನೆ ಮುಚ್ಚಿ ನಮ್ಮೊಡನೆ ಬಂದು ಒಂಬತ್ತು ವರ್ಷವಾಯಿತು. ಊರಿನದೆಂದು ಅವರ ಕೈಯಲ್ಲುಳಿದದ್ದು ಆ ತಂಬಿಗೆ, ವರ್ಷಕ್ಕೊಮ್ಮೆ ಬರುವ ಆ ಪಂಚಾಂಗ.

"ಹಾಗಾದರೆ ಒಂಬತ್ತು ವರ್ಷ ನಾನು ಬಿಟ್ಟ ಅರ್ಘ್ಯವೆಲ್ಲ ಎಲ್ಲಿಗೆ ಹೋಯಿತೋ?"

ನಮ್ಮ ಲೆಕ್ಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅಮ್ಮಾ, 6-46ಕ್ಕೆ ಬೆಂಗಳೂರಿನಲ್ಲಿ ಸೂರ್ಯ ಹುಟ್ಟಿಯೇ ಇದ್ದನಲ್ಲ" ಎಂದೆವು. ಅವರು ಏನೂ ಹೇಳದೆ ಹಾಲುಕ್ಕಿಸಲು ಎದ್ದು ಹೋದರು.

ಸಂಜೆ ಪಂಚಾಂಗವನ್ನೂ ಒಂದು ಪೆನ್ಸಿಲನ್ನೂ ತಂದು ನಮ್ಮ ಮುಂದಿಟ್ಟರು. ಈಗ ವಾರಕ್ಕೊಮ್ಮೆ ಅದರ ಅಂಚಿನಲ್ಲಿ ಇಲ್ಲಿಯ ಉದಯಾಸ್ತಗಳನ್ನು ಬರೆದುಕೊಡುವುದು ನಮ್ಮ ಕೆಲಸ, ಸಂಕಷ್ಟಿಯ ಚಂದ್ರೋದಯವನ್ನೂ. ಚಂದ್ರನೂ ಇಲ್ಲಿಗೆ ತಡವಾಗಿಯೇ ಬರುತ್ತಾನಲ್ಲ. ಸೋಮವಾರ 7-25ಕ್ಕೆ ಹೊರಡಬೇಕೆಂಬ ನಿಯಮದಲ್ಲಿ ಮಾತ್ರ ಬದಲಾವಣೆಯಾಗಿಲ್ಲ.