ಒಪ್ಪಿಸುವ ಹಾಡು ಮತ್ತು ನಮ್ಮ ಕಣ್ಣೀರು

ಹೊರನಾಡಿನ ನಮ್ಮ ಮದುವೆಗಳಲ್ಲಿ ಇಂದಿಗೂ ಆ ಗಳಿಗೆ ಬರುತ್ತದೆ. ಊಟ ಮುಗಿದಿರುತ್ತದೆ, ಬಾಡಿಗೆ ಸಭಾಗೃಹವನ್ನು ತೆರವು ಮಾಡುವ ಹೊತ್ತು ಸಮೀಪಿಸಿರುತ್ತದೆ. ಹಿರಿಯ ಹೆಂಗಸರು ಇಬ್ಬರು ಮೂವರು ಸೇರಿ, ವಾದ್ಯದ ನೆರವಿಲ್ಲದೆ, ಹೆಣ್ಣು ಒಪ್ಪಿಸುವ ಹಾಡನ್ನು ಎತ್ತಿಕೊಳ್ಳುತ್ತಾರೆ. ಎರಡನೆಯ ಸಾಲಿಗೇ ನಮ್ಮ ಗಂಟಲು ಕಟ್ಟುತ್ತದೆ.

ಊರಿಂದೂರಿಗೆ ಪಾಠ ಬೇರೆಯಾದರೂ ಈ ಹಾಡುಗಳ ಹುರುಳು ಹೆಚ್ಚುಕಡಿಮೆ ಒಂದೇ. ಅಕ್ಕರೆಯಿಂದ ಬೆಳೆಸಿದ ಕೂಸು, ತಪ್ಪಿದ್ದರೆ ಮನ್ನಿಸಿ ಎಂದು ಬೀಗರಿಗೆ ಬಿನ್ನಹ. ಹಿರಿಯರಿಗೆ ಎದುರಾಡದೆ ತಗ್ಗಿ ನಡೆ ಎಂದು ಮಗಳಿಗೆ ಬುದ್ಧಿವಾದ. ಇದರಲ್ಲಿ ಒಂದು ಮಾತನ್ನೂ ನಾವು ನಂಬುವುದಿಲ್ಲ. ಮಗಳನ್ನು ಮಗನಂತೆಯೇ ಓದಿಸಿದವರು ನಾವು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳೂ ಸಮಾನ ಹಕ್ಕುದಾರಳೆಂದು ಕರ್ನಾಟಕ, ಮಹಾರಾಷ್ಟ್ರಗಳೆರಡೂ 1994ರಲ್ಲೇ ಶಾಸನ ಮಾಡಿದವು. 2005ರಲ್ಲಿ ಕೇಂದ್ರದ ಕಾಯಿದೆಯೂ ಬಂದಿತು. ಹಕ್ಕುದಾರಳನ್ನು ‘ಒಪ್ಪಿಸುವುದು’ ಹೇಗೆ? ಆದರೂ ಅಳುತ್ತೇವೆ.

ರಾಗಕ್ಕಾಗಿ ಕೇಳುತ್ತೇವೆ, ಅರ್ಥಕ್ಕಾಗಿ ಅಲ್ಲ ಎಂದು ಹೇಳಿಕೊಳ್ಳಬಹುದು. ಅದು ನಿಜವಲ್ಲ. ನೆರೆಮನೆಯ ಮರಾಠಿ ಮದುವೆಯಲ್ಲಿ ಇಂಥದೇ ಹಾಡು ಕೇಳಿದರೆ ನಾವು ಇಷ್ಟು ಕರಗುವುದಿಲ್ಲ. ನಮ್ಮನ್ನು ಕರಗಿಸುವುದು ತಾಯ್ನುಡಿಯ ಮಾತು. ಊರು ಬಿಟ್ಟವರಿಗೆ ಕನ್ನಡದ್ದೆಂಬ ಕಾರಣಕ್ಕೇ ಎಲ್ಲವೂ ಪರೀಕ್ಷೆಯಿಲ್ಲದೆ ಪಾಸಾಗಿಬಿಡುತ್ತದೆ.

ಹಾಡಿನ ಪರವಾಗಿ ಹೇಳಬೇಕಾದ ಮಾತೂ ಒಂದಿದೆ. ಹೆಣ್ಣಿನ ಮದುವೆಯ ವಯಸ್ಸು ಕನಿಷ್ಠ 14 ಆಗಿರಲಿ ಎನ್ನುವುದಕ್ಕೂ 1929ರಲ್ಲಿ ಶಾರದಾ ಕಾಯಿದೆ ಬೇಕಾಯಿತು. ಇನ್ನೂ ಆಟದ ವಯಸ್ಸಿನ ಮಗುವನ್ನು ಅಪರಿಚಿತ ಮನೆಗೆ ಕಳಿಸುವಾಗ ತಾಯಿಯ ಕೈಯಲ್ಲಿದ್ದ ಏಕೈಕ ಆಸರೆ ಆ ಬಿನ್ನಹ. ಅದರಲ್ಲಿರುವ ಕರುಣೆ ಸುಳ್ಳಲ್ಲ. ಆದರೆ ಇಪ್ಪತ್ತೆಂಟರ ಮಗಳೆದುರು ಅದನ್ನೇ ಹಾಡಿದಾಗ ಕರುಣೆಗೆ ಕಾರಣ ಉಳಿಯುವುದಿಲ್ಲ. ವಿಧೇಯತೆಯ ಪಾಠವಷ್ಟೇ ಉಳಿಯುತ್ತದೆ.

ಆ ಪಾಠ ಎಲ್ಲಿ ಹೋಗಿ ಕೂತಿತ್ತೆಂಬುದು ನಮಗೆ ತಡವಾಗಿ ತಿಳಿಯಿತು. ಮದುವೆಯಾದ ಮಗಳು ರಾತ್ರಿ ಫೋನು ಮಾಡಿ, ದನಿ ತಗ್ಗಿಸಿ, ‘ಇಲ್ಲಿ ಆಗ್ತಾ ಇಲ್ಲ’ ಎಂದಾಗ, ‘ಸ್ವಲ್ಪ ಹೊಂದಿಕೊಂಡು ಹೋಗು ಮಗಳೇ’ ಎಂದದ್ದು ನಾವೇ. ಹಾಡನ್ನೇ ಗದ್ಯದಲ್ಲಿ ಹೇಳಿದ್ದೆವು. ನಂಬುವುದಿಲ್ಲವೆಂದುಕೊಂಡದ್ದು ಬೇಕಾದ ಗಳಿಗೆಯಲ್ಲಿ ನಾಲಿಗೆಯ ಮೇಲೆ ತಾನಾಗಿ ಬಂದಿತ್ತು.

ಹಾಗೆಂದು ಹಾಡನ್ನು ನಿಲ್ಲಿಸಬೇಕೆಂದು ನಾವು ಹೇಳಲಾರೆವು. ಹಾಡುವ ಅಜ್ಜಿಯರಿಂದ ಅದನ್ನು ಕಸಿದುಕೊಳ್ಳುವ ಅಧಿಕಾರವೂ ನಮಗಿಲ್ಲ. ಪದ ತಿದ್ದಿ ಹೊಸ ಸಾಹಿತ್ಯ ಕೂರಿಸಿದರೆ ಹಳೆಯ ತಾಯಿಯ ದುಃಖವನ್ನೂ ಅಳಿಸಿದಂತಾದೀತು. ಹೆಣ್ಣುಮಕ್ಕಳ ಹಾಡಿನ ಪರಂಪರೆಯಲ್ಲಿ ಈ ಹಾಡು ಒಂದು ಭಾಗ ಮಾತ್ರ ಎಂಬುದನ್ನಾದರೂ ನೆನೆಯೋಣ. ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ಬಿಡಿಸಿದರೆ, ಕೊಟ್ಟ ಮನೆಯಲ್ಲಿದ್ದುಕೊಂಡು ತವರಿಗಾಗಿ ಹಂಬಲಿಸುವ ಮಗಳ ದನಿಯೂ ಕೇಳುತ್ತದೆ. ಆ ದನಿಯನ್ನು ಮಂಟಪಕ್ಕೆ ನಾವು ಕರೆಯುವುದಿಲ್ಲ.

ಹಾಡು ಮುಗಿಯಲಿ, ಅಳುವೂ ಮುಗಿಯಲಿ. ಆಮೇಲೆ ಮಗಳನ್ನು ಪಕ್ಕಕ್ಕೆ ಕರೆದು ಮನೆಯ ಬೀಗದಕೈಯ ಒಂದು ಪ್ರತಿಯನ್ನು ಅವಳ ಕೈಗೆ ಕೊಡೋಣ. ಅವಳು ಫೋನು ಮಾಡಿದ ರಾತ್ರಿ ಹಾಡಿಗಿಂತ ಮೊದಲು ಆ ಬೀಗದಕೈ ನಮ್ಮಿಬ್ಬರಿಗೂ ನೆನಪಾಗಲಿ.