ಏಪ್ರಿಲ್ 14ಕ್ಕೆ ತಮಟೆ ಯಾಕೆ ಬೇಡ?

ಮೊನ್ನೆ ನಮ್ಮ ಕೇರಿಯಲ್ಲಿ ಜಯಂತಿಯ ಮೀಟಿಂಗು ನಡೆಯಿತು. ಮೆರವಣಿಗೆಯ ಕುಣಿತಕ್ಕೆ ಡಿಜೆ ತರಿಸಬೇಕು ಅಂತ ಮುಕ್ಕಾಲು ಪಾಲು ಜನ ಕೈ ಎತ್ತಿದರು. ತಮಟೆ ಇರಲಿ ಅಂದವರು ನಾವು ಮೂರೇ ಜನ. ಒಬ್ಬ ಹುಡುಗ ಎದ್ದು ನಿಂತು, "ಡಿಗ್ರಿ ಮಾಡಿದ್ದೀರಿ, ಇನ್ನೂ ನಮ್ಮ ಕೈಗೆ ಚರ್ಮಾನೇ ಕೊಡ್ತೀರಾ?" ಅಂದ. ನಮ್ಮ ಬಾಯಿ ಕಟ್ಟಿತು. ಅಲ್ಲಿ ಆಡಲಾಗದ ಮಾತನ್ನು ಇಲ್ಲಿ ಆಡುತ್ತಿದ್ದೇವೆ.

ಆ ಹುಡುಗನ ಸಿಟ್ಟು ಸುಳ್ಳಲ್ಲ. ಮಾರಿಹಬ್ಬಕ್ಕೆ, ಗೌಡರ ಮನೆಯ ಹೆಣಕ್ಕೆ, ಪಂಚಾಯ್ತಿಯ ಡಂಗುರಕ್ಕೆ ಬಡಿದವರು ನಮ್ಮ ತಾತಂದಿರು. ಊರಿನವರು ಗುಡಿ ಮುಂದೆ ರಂಗ ಕುಣಿಯುವಾಗ ಕೋಳಿ ಕೂಗುವ ತನಕ ಬಾರಿಸಿದವರೂ ಅವರೇ. ಆದರೆ ರಂಗದೊಳಕ್ಕೆ ಕಾಲಿಡುವಂತಿರಲಿಲ್ಲ. ಇವರ ಕೈ ನಿಂತರೆ ಅವರ ಕಾಲು ನಿಲ್ಲುತ್ತಿತ್ತು, ಆದರೂ ಮೈಲಿಗೆ ಇವರದು! ಕೂಲಿ ಅಂದರೆ ಒಂದು ಮೊರ ರಾಗಿ, ದೂರದಿಂದ ಎತ್ತಿ ಹಾಕಿದ ಅನ್ನ. ಬರಲ್ಲ ಅಂದರೆ ಹೊಲದ ಕೆಲಸವಿಲ್ಲ, ಅಂಗಡಿಯಲ್ಲಿ ಉಪ್ಪಿಲ್ಲ, ಬದುವಿನ ಮೇಲೆ ದಾರಿಯಿಲ್ಲ.

ಈ ಚಾಕರಿಯನ್ನು ಮುರಿಯಲು ಎಷ್ಟು ಕಾಲ ಹಿಡಿಯಿತು! ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನದ ಬೇರು ಕೀಳಲು ಮಸೂದೆ ತಂದರು. ನಮ್ಮ ಬೆಳಗಾವಿ, ಧಾರವಾಡ, ಬಿಜಾಪುರ ಆಗ ಆ ಪ್ರಾಂತ್ಯದಲ್ಲೇ ಇದ್ದವು. ಮೈಸೂರು ರಾಜ್ಯ 1961ರಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯಿದೆ ಮಾಡಿತು. ತೋಟಿ, ತಳವಾರಿಕೆ ಕಾಗದದ ಮೇಲೆ ಸತ್ತವು, ಊರಲ್ಲಿ ಸಾಯಲಿಲ್ಲ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿ ಹಳ್ಳಿಹಳ್ಳಿಗೆ ಬಂದ ಮೇಲೆ ಎಷ್ಟೋ ಕೇರಿಗಳು "ಬಿಟ್ಟಿ ಬಾರಿಸೋದಿಲ್ಲ" ಅಂದವು. ಅಂದದ್ದಕ್ಕೆ ಏಟು ತಿಂದವು, ಬಹಿಷ್ಕಾರ ಉಂಡವು.

ಆದರೆ ಗೆಳೆಯರೇ, ಅದೇ ಸಮಿತಿಯ ಜಾಥಾಗಳಲ್ಲಿ ಹೋರಾಟದ ಹಾಡಿಗೆ ಜೊತೆ ಕೊಟ್ಟದ್ದು ಯಾವುದು? ತಮಟೆಯೇ. ಗೌಡರ ಅಂಗಳದಲ್ಲಿ ಕೆಳಗಿಟ್ಟದ್ದನ್ನು ತಾಲ್ಲೂಕು ಕಚೇರಿ ಮುಂದೆ ಎತ್ತಿಕೊಂಡರು. ಅವರಿಗೆ ಗೊತ್ತಿದ್ದ ಈ ವ್ಯತ್ಯಾಸ ಓದಿದ ನಮಗೆ ಯಾಕೆ ಮರೆತುಹೋಯಿತು?

ಕುಣಿತದ ಮಾತಿಗೆ ಬರೋಣ. ತಮಟೆಯವರು ಮೊದಲು ಹುಲ್ಲಿಗೆ ಬೆಂಕಿ ಹಾಕಿ ಚರ್ಮ ಕಾಯಿಸುತ್ತಾರೆ. ಬೆರಳಲ್ಲಿ ತಟ್ಟಿ ಕಿವಿಗೊಡುತ್ತಾರೆ, ಮತ್ತೆ ಕಾಯಿಸುತ್ತಾರೆ. ಒಂದು ಕೈಯಲ್ಲಿ ಗಿಡ್ಡ ಕೋಲು, ಇನ್ನೊಂದರಲ್ಲಿ ಬಳುಕುವ ಸಣ್ಣ ಕಡ್ಡಿ. ಬಾರಿಸುವವನು ತಾನೂ ಕುಣಿಯುತ್ತಾನೆ, ಅವನ ಕಣ್ಣು ಎದುರಿಗಿರುವವನ ಮಂಡಿಯ ಮೇಲಿರುತ್ತದೆ. ಮಂಡಿ ಸೋತರೆ ಪೆಟ್ಟು ನಿಧಾನವಾಗುತ್ತದೆ, ಹುರುಪು ಬಂದರೆ ವರಸೆ ಬದಲಾಗುತ್ತದೆ. ಎಪ್ಪತ್ತು ವರ್ಷದ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಒಳಕ್ಕೆ ಬಂದರೆ ಆ ಅಜ್ಜಿಯ ಹೆಜ್ಜೆಗೆ ಇಡೀ ತಂಡ ತಗ್ಗುತ್ತದೆ. ಡಿಜೆ ಬಾಕ್ಸಿಗೆ ಅಜ್ಜಿ ಕಾಣುತ್ತಾಳೆಯೇ? ಲಾರಿ ಮೇಲೆ ಕೂತವನು ಸಿನಿಮಾ ಹಾಡು ಒತ್ತಿ ಬಿಡುತ್ತಾನೆ, ಎದೆ ಅದುರುತ್ತದೆ, ಹುಡುಗರು ಎಗರುತ್ತಾರೆ. ಕಳೆದ ವರ್ಷ ನಮ್ಮ ಅವ್ವಂದಿರು ಬಾಬಾಸಾಹೇಬರ ಮೇಲೆ ಕಟ್ಟಿದ ಪದ ಹೇಳಲು ಬಾಯಿ ತೆರೆದರು, ಪಕ್ಕದವರಿಗೂ ಕೇಳಲಿಲ್ಲ. ಮೆರವಣಿಗೆ ಮುಗಿಯುವ ಹೊತ್ತಿಗೆ ಹೆಂಗಸರೆಲ್ಲ ಜಗಲಿ ಮೇಲೆ ಕೂತು ನೋಡುವವರಾಗಿದ್ದರು. ಚಂದಾ ಎತ್ತಿದ್ದು ನಮ್ಮ ಕೇರಿಯ ಕೂಲಿಯಿಂದ, ಹೋಗಿದ್ದು ಪೇಟೆಯ ಸೌಂಡ್ ಸಿಸ್ಟಮ್ಮಿನವನಿಗೆ.

2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ ಪದ್ಮಶ್ರೀ ಬಂತು. ನಮಗೂ ಕಣ್ಣು ತುಂಬಿತು. ಊರಿನ ದೊಡ್ಡವರೂ ಚಪ್ಪಾಳೆ ತಟ್ಟಿದರು. ವೇದಿಕೆ ಮೇಲಾದರೆ ಜಾನಪದ ಕಲೆ, ಊರ ಬಾಗಿಲಲ್ಲಾದರೆ "ಲೇ, ಬಾರ್ಸೋ"! ಈ ಚಪ್ಪಾಳೆಯನ್ನು ನಂಬಿ ನಾವು ತಮಟೆ ಹಿಡಿಯಿರಿ ಅನ್ನುತ್ತಿಲ್ಲ. ಊರಿನವರು ಕರೆದರೆ ಹೋಗಬೇಡಿ ಅಂತಲೇ ಇವತ್ತೂ ಹೇಳುತ್ತೇವೆ.

ನಮ್ಮದೇ ಹಬ್ಬಕ್ಕೆ ನಾವು ಕರೆಯುವಾಗಲೂ ನೆಟ್ಟಗಿದ್ದೇವೆಯೇ? ಕ್ವಾರ್ಟರ್ ಕುಡಿಸಿ ಕೂಲಿ ತೀರಿಸುವ ಚಾಳಿ ನಮ್ಮವರಿಗೂ ಅಂಟಿದೆ. ಡಿಜೆಯವನಿಗೆ ಮುಂಗಡ ಕೊಟ್ಟು ಕೈ ಮುಗಿಯುವವರು ತಮಟೆಯವರನ್ನು ಮೂರು ದಿನ ಅಲೆಸುತ್ತಾರೆ. ಇನ್ನೂ ನಾಚಿಕೆಯ ಮಾತೊಂದು ಆ ಮೀಟಿಂಗಿನಲ್ಲೇ ಕೇಳಿಬಂತು: "ಬಾರಿಸೋದು ಆ ಕೇರಿಯವರ ಕೆಲಸ, ನಾವ್ಯಾಕೆ ಮುಟ್ಟಬೇಕು?" ಇದು ಯಾರ ಬಾಯಿಂದ ಕಲಿತ ಮಾತು? ಗೌಡರು ನಮ್ಮೆಲ್ಲರಿಗೂ ಅಂದದ್ದು ಇದನ್ನೇ ಅಲ್ಲವೇ? ಹೊಲೆಯರ ಹುಡುಗರು, ಮಾದಿಗರ ಹುಡುಗರು, ಹುಡುಗಿಯರೂ ಒಟ್ಟಿಗೆ ಕೂತು ಕಲಿಯಬೇಕು. ಕಲಿಸುವವರಿಗೆ ತಿಂಗಳಿಗಿಷ್ಟು ಅಂತ ಚಂದಾ ಪುಸ್ತಕದಲ್ಲೇ ಬರೆದು ಕೊಡಬೇಕು. ತಮಟೆಯವರು ಮೆರವಣಿಗೆಯ ಮುಂದಿರಬೇಕು, ಊಟಕ್ಕೆ ಅಧ್ಯಕ್ಷರ ಪಂಕ್ತಿಯಲ್ಲೇ ಕೂರಬೇಕು. ಶಾಲೆಯ ಮೇಷ್ಟ್ರುಗಳೇ, ಸಂಜೆ ಹೊತ್ತು ಒಂದು ಕೋಣೆ ಬಿಟ್ಟುಕೊಡುತ್ತೀರಾ?

ಮೀಟಿಂಗು ಮುಗಿದ ಮೇಲೆ, ಇಪ್ಪತ್ತು ವರ್ಷದ ಹಿಂದೆ ತಮಟೆಯನ್ನು ಅಟ್ಟಕ್ಕೆ ಹಾಕಿದ ತಾತನ ಹತ್ತಿರ ಹೋದೆವು. ಜಯಂತಿಗೆ ಬಾರಿಸ್ತೀಯಾ ತಾತ ಅಂದೆವು. ಬೀಡಿ ಆರಿಸಿ ನಮ್ಮ ಮುಖ ನೋಡಿ, "ಎಷ್ಟು ಕೊಡ್ತೀರಿ, ಅದ್ನ ಮೊದ್ಲು ಹೇಳ್ರಪ್ಪ" ಅಂತು. ಭಾನುವಾರ ಮತ್ತೆ ಮೀಟಿಂಗಿದೆ. ಮೊದಲು ಈ ಪ್ರಶ್ನೆಯನ್ನೇ ಎತ್ತುತ್ತೇವೆ.